ಗಂಟೆ ಸರಿಸಿದವರು

ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಮೂರನೇ ಪುಟ ಕಥೆಗೆ ಮೀಸಲು, ನಾಲ್ಕನೇ ಪುಟ ‘ನಮ್ಮ ಮನೆಯ ಮಾತು’ ಎಂಬ ಅಂಕಣಕ್ಕೆ. ಆ ವಾರ ಹಾಸಿಗೆ ಮಾರುವ ಕಂಪನಿಯೊಂದು ಮೂರನೇ ಪುಟವನ್ನು ಇಡಿಯಾಗಿ ಜಾಹೀರಾತಿಗೆ ತೆಗೆದುಕೊಂಡಿತು. ಕಥೆ ನಾಲ್ಕನೇ ಪುಟಕ್ಕೆ ಹೋಯಿತು. ಅಲ್ಲಿದ್ದ ಅಂಕಣದ ಬರಹವನ್ನು ತೆಗೆದರು, ಅಂಕಣದ ತಲೆಪಟ್ಟಿಯನ್ನು ತೆಗೆಯಲು ಮರೆತರು. ಹೀಗಾಗಿ ಕಥೆಯ ನೆತ್ತಿಯ ಮೇಲೆ ‘ನಮ್ಮ ಮನೆಯ ಮಾತು’ ಎಂದೂ, ಪುಟದ ಬುಡದಲ್ಲಿ ‘ಓದುಗರು ತಮ್ಮ ಮನೆಯಲ್ಲಿ ನಡೆದ ಘಟನೆಗಳನ್ನು ಇದ್ದದ್ದು ಇದ್ದ ಹಾಗೆ ಬರೆದು ಕಳುಹಿಸಬಹುದು’ ಎಂದೂ ಅಚ್ಚಾಯಿತು. ಅಂಕಣದ ಪದ್ಧತಿಯಂತೆ ಬರೆದವಳ ಫೋಟೋ ಹಾಕಿ, ಅದರ ಕೆಳಗೆ ಅವಳ ಬಡಾವಣೆಯ ಹೆಸರನ್ನೂ ಕೊಟ್ಟಿದ್ದರು. ‘ಕಥೆ’ ಎಂಬ ಮಾತು ಮಾತ್ರ ಪುಟದಲ್ಲಿ ಎಲ್ಲೂ ಇರಲಿಲ್ಲ.

ಕಥೆಯ ಮೊದಲ ಸಾಲು: “ಮೊದಲನೇ ದಿನ ನಾನು ಬೇಕೆಂದು ಮಾಡಲಿಲ್ಲ.”

ಹೇಳುವವನು ತಮ್ಮ. ಅಣ್ಣ ಏಣಿಯಿಂದ ಬಿದ್ದು ಹಾಸಿಗೆ ಹಿಡಿದಿದ್ದಾನೆ, ಕೂಗಲು ದನಿಯೂ ಇಲ್ಲ. ಏನಾದರೂ ಬೇಕಾದರೆ ಬಾರಿಸಲಿ ಎಂದು ಮಂಚದ ಪಕ್ಕದ ಮೇಜಿನ ಮೇಲೆ ಒಂದು ಕೈಗಂಟೆ ಇಟ್ಟಿದೆ. ತಮ್ಮ ಅದನ್ನು ದಿನಕ್ಕೊಂದು ಬೆರಳಿನಷ್ಟು ದೂರ ಸರಿಸುತ್ತಾನೆ. ಅಣ್ಣ ದಿನಕ್ಕೊಂದು ಬೆರಳಿನಷ್ಟು ಹೆಚ್ಚು ಕೈ ಚಾಚುತ್ತಾನೆ. ಒಂದು ದಿನ ಚಾಚಿದ ಕೈ ಹಾಗೆಯೇ ಉಳಿದುಬಿಡುತ್ತದೆ. ಇದನ್ನೆಲ್ಲ ತಮ್ಮ ಹವಾಮಾನ ವರದಿ ಓದುವವನ ದನಿಯಲ್ಲಿ ಹೇಳುತ್ತಾನೆ. ಕೊನೆಯ ಸಾಲು: “ಗಂಟೆಯನ್ನು ಮೊದಲಿದ್ದ ಜಾಗದಲ್ಲಿಟ್ಟೆ, ಕೈ ತೊಳೆದುಕೊಂಡೆ, ಊಟ ಮಾಡಿದೆ.”

ಬರೆದವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸದವಳು. ಅವಳಿಗೆ ಅಣ್ಣನೂ ಇಲ್ಲ, ತಮ್ಮನೂ ಇಲ್ಲ. ಆದರೆ ಅವಳ ಮನೆಯ ಮುಂದಿನ ಕೋಣೆಯಲ್ಲಿ, ಬೀದಿಗೆ ತೆರೆಯುವ ಕಿಟಕಿಯ ಪಕ್ಕ, ಸೊಂಟದ ಮೂಳೆ ಮುರಿದುಕೊಂಡ ಅತ್ತೆ ಮಲಗಿದ್ದರು. ಮಂಚದ ಪಕ್ಕ ಮೇಜಿತ್ತು. ಮೇಜಿನ ಮೇಲೆ ಗಂಟೆಯಿತ್ತು. ಬಡಾವಣೆಗೆ ಅಷ್ಟು ಸಾಕಾಯಿತು.

“ಅಣ್ಣ ಅಂತ ನೆಪಕ್ಕೆ ಬರ್ದಿದಾಳೆ ಅಷ್ಟೇ. ನಾವು ಅತ್ತೆ ಅಂತ ಓದ್ಕೋಬೇಕು” ಎಂದು ಹಾಲಿನ ಅಂಗಡಿಯ ಮುಂದೆ ತೀರ್ಮಾನವಾಯಿತು.

ಊರ ಬಾಯಿಗೆ ಸೊಸೆ ಹೆದರುವವಳಲ್ಲ. ಅವಳಿಗೆ ಭಯವಿದ್ದದ್ದು ನಾದಿನಿಯ ಕಿವಿಯದು. ಸೊಂಟ ಮುರಿದಾಗಲೇ, ಗಂಡನ ಅಕ್ಕನಾದ ಆಕೆ ತಾಯಿಯನ್ನು ತನ್ನ ಊರಿಗೆ ಕರೆದೊಯ್ಯಲು ಬಂದಿದ್ದಳು. ಅವಳದು ಶಿಸ್ತಿನ ಮನೆ. ಅಮ್ಮನಿಗೆ ಹಿಂದಿನ ಕೋಣೆ ಖಾಲಿ ಮಾಡಿಸಿದ್ದಳು. ಅದರ ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ ಕಾಣುತ್ತಿತ್ತು. ಅತ್ತೆ ಒಪ್ಪಲಿಲ್ಲ. “ಗೋಡೆ ನೋಡ್ಕೊಂಡು ಮಲಗೋಕೆ ನಾನೇನು ಹಲ್ಲಿನಾ?” ಎಂದಿದ್ದರು. ಕೊನೆಗೆ ನಾದಿನಿ ತಮ್ಮನ ಹೆಂಡತಿಯ ಮುಂದೆ ಬೆರಳು ಎತ್ತಿ, “ಒಂದೇ ಒಂದು ದೂರು ನನ್ನ ಕಿವಿಗೆ ಬೀಳ್ಲಿ, ಮಂಚದ ಸಮೇತ ಎತ್ಕೊಂಡು ಹೋಗ್ತೀನಿ” ಎಂದು ಹೇಳಿ ಬಸ್ಸು ಹತ್ತಿದ್ದಳು.

ಅತ್ತೆ ಹೋದರೆ ಸೊಸೆಗೆ ಕೆಲಸ ಕಡಿಮೆಯಾಗುತ್ತಿತ್ತು. ಆದರೆ ಅವಳು ಬರೆದದ್ದನ್ನು ಓದಿ ಬೈಯುವವರು ಈ ಲೋಕದಲ್ಲಿ ಅತ್ತೆ ಒಬ್ಬರೇ. ಗಂಡ ಲಿಫ್ಟ್ ರಿಪೇರಿ ಮಾಡುವವನು, ಒಳ್ಳೆಯವನು, ಏನನ್ನೂ ಓದುತ್ತಿರಲಿಲ್ಲ. “ಓದಿದ್ರೆ ಅಭಿಪ್ರಾಯ ಬರುತ್ತೆ. ಅಭಿಪ್ರಾಯ ಬಂದ್ರೆ ನೀನು ಕೇಳ್ತೀಯ. ಕೇಳಿದ್ರೆ ಹೇಳ್ಬೇಕಾಗುತ್ತೆ” ಎನ್ನುವುದು ಅವನ ವಾದ. ಅತ್ತೆ ಹಾಗಲ್ಲ. ಈ ಕಥೆಯ ಮೊದಲ ಪ್ರತಿಯ ಕೊನೆಯಲ್ಲಿ ತಮ್ಮ ಅಣ್ಣನ ಕಾಲು ಹಿಡಿದು ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಅತ್ತೆ ಮಲಗಿದಲ್ಲೇ ಓದಿ, ಹಾಳೆಯನ್ನು ಹೊಟ್ಟೆಯ ಮೇಲಿಟ್ಟುಕೊಂಡು, “ಇವನ್ಯಾಕಮ್ಮ ಅಳ್ತಾನೆ?” ಎಂದಿದ್ದರು.

“ಪಶ್ಚಾತ್ತಾಪ ಅತ್ತೆ.”

“ಇವನು ಅತ್ಬಿಟ್ರೆ ಓದೋರು ಪಾಪ ಅಂದು ಪೇಪರ್ ಮಡಚಿಟ್ಟು ಮಲಗ್ತಾರೆ. ಅಳಿಸ್ಬೇಡ. ಊಟ ಮಾಡ್ಸು.”

ಓದುಗರಿಗೆ ಅತಿ ಹೆಚ್ಚು ಸಿಟ್ಟು ಬರಿಸಿದ್ದು ಆ ಊಟವೇ. ಪುರವಣಿಯ ಸಂಪಾದಕರು ಮಂಗಳವಾರ ಫೋನ್ ಮಾಡಿ, ಬಂದ ಪತ್ರಗಳನ್ನು ಓದಿ ಹೇಳಿದರು. ಒಬ್ಬರು ಬರೆದವಳನ್ನು ಬಂಧಿಸಬೇಕು ಎಂದಿದ್ದರು. ಇನ್ನೊಬ್ಬರು, ಇಂಥವಳ ಗಂಟಲಲ್ಲಿ ತುತ್ತು ಹೇಗೆ ಇಳಿಯಿತು ಎಂದು ಕೇಳಿದ್ದರು. ಮೂರನೆಯವರು ಹಾಸಿಗೆ ಕಂಪನಿಯ ಜಾಹೀರಾತು ಅದರ ಬೆನ್ನಿಗೇ ಇರುವುದು ಹೃದಯಹೀನತೆ ಎಂದಿದ್ದರು.

“ಬರೋ ಭಾನುವಾರ ಸ್ಪಷ್ಟನೆ ಹಾಕ್ತೀವಿ ಮೇಡಂ. ಅದು ಕಥೆ, ಅನುಭವ ಅಲ್ಲ ಅಂತ.”

“ಎಲ್ಲಿ ಹಾಕ್ತೀರಿ?”

“ತಪ್ಪು ಆದ ಜಾಗದಲ್ಲೇ ಹಾಕ್ಬೇಕು ಅಂತ ನಮ್ಮಲ್ಲಿ ನಿಯಮ. ನಾಲ್ಕನೇ ಪುಟ.”

“ಅಂದ್ರೆ ‘ನಮ್ಮ ಮನೆಯ ಮಾತು’ ಕೆಳಗೆ?”

ಫೋನಿನಾಚೆ ಸಂಪಾದಕರು ಪತ್ರಗಳನ್ನು ಮಗುಚಿದರು. ಆಮೇಲೆ, “ಇನ್ನೊಂದು ಪತ್ರ ಇದೆ, ಇದು ಬೈಗುಳ ಅಲ್ಲ” ಎಂದು ವಿಷಯ ಬದಲಿಸಿದರು. “ಎರಡನೇ ಕಾಲಮ್ಮಲ್ಲಿ ಅಣ್ಣನ ತಲೆದೆಸೆಗೆ ಊರುಗೋಲು ಇದೆ ಅಂತ ಬರ್ದಿದೀರಂತೆ. ಕೈ ಸಾಲದಿದ್ರೆ ಅವನು ಕೋಲಲ್ಲಿ ಗಂಟೆ ಎಳ್ಕೋಬಹುದಿತ್ತಲ್ಲ ಅಂತ ಕೇಳಿದಾರೆ.”

ಸೊಸೆ ಫೋನ್ ಇಟ್ಟು ಅತ್ತೆಗೆ ಹೇಳಿದಳು. ಬಂಧಿಸಬೇಕು ಎಂದದ್ದನ್ನು ಕೇಳಿ ನಕ್ಕಿದ್ದ ಅತ್ತೆಯ ಮುಖ ಕೋಲಿನ ಮಾತಿಗೆ ಸಣ್ಣಗಾಯಿತು. ತಾವು ಎರಡು ಸಲ ಓದಿಯೂ ಅದು ಕಣ್ಣಿಗೆ ಬಿದ್ದಿರಲಿಲ್ಲ.

ಅತ್ತ ಅಂಗಡಿಯಲ್ಲಿ ಗಿರಾಕಿಗಳು ಕುರ್ಚಿಯಲ್ಲಿ ಕುಳಿತು, ಸೊಸೆ ಮೂಗಿನ ಮೇಲಿಟ್ಟ ಪರೀಕ್ಷೆಯ ಚೌಕಟ್ಟಿನೊಳಗಿಂದ ಅವಳನ್ನೇ ನೋಡತೊಡಗಿದರು. ಪ್ರತಿ ವರ್ಷ ಬರುತ್ತಿದ್ದ ಬ್ಯಾಂಕಿನವರೊಬ್ಬರು ಗೋಡೆಯ ಅಕ್ಷರಗಳನ್ನು ಓದುವುದನ್ನು ನಿಲ್ಲಿಸಿ, “ಒಂದ್ಮಾತು ಕೇಳ್ಲಾ?” ಎಂದರು. “ಹೋದ ವರ್ಷ ಕಾಲು ಪವರ್ ಜಾಸ್ತಿ ಮಾಡಿದ್ರಿ. ಅದಕ್ಕೂ ಹಿಂದಿನ ವರ್ಷ ಕಾಲು. ಈಗ ಇನ್ನೊಂದು ಕಾಲು ಅಂತಿದೀರಿ.”

“ವಯಸ್ಸು ಸಾರ್.”

“ವಯಸ್ಸೋ, ಅಥವಾ ನೀವು ಸ್ವಲ್ಪ ಸ್ವಲ್ಪ ಸರಿಸ್ತಿದೀರೋ?”

ಮಾಲೀಕ ಅವಳನ್ನು ಎರಡು ವಾರ ಕನ್ನಡಕದ ಚೌಕಟ್ಟು ಒರೆಸುವ ಕೆಲಸಕ್ಕೆ ಹಾಕಿದ. “ನನಗೆ ನಿಮ್ಮ ಮೇಲೆ ಅನುಮಾನ ಇಲ್ಲಮ್ಮ” ಎಂದ. “ಕಥೆ ಚೆನ್ನಾಗಿದೆ. ಆದ್ರೆ ನಮ್ಮಮ್ಮನ ಕನ್ನಡಕ ಇನ್ಮೇಲೆ ನಾನೇ ನೋಡ್ತೀನಿ.”

ಮನೆಯಲ್ಲಿ ಇದಕ್ಕೆ ತದ್ವಿರುದ್ಧ. ಅತ್ತೆಯ ಜೀವನದಲ್ಲಿ ಇಷ್ಟು ಜನ ಅವರನ್ನು ನೋಡಲು ಬಂದದ್ದು ಇದೇ ಮೊದಲು. ಮೂಳೆ ಮುರಿದಾಗ ಬಾರದವರು ಗಂಟೆ ನೋಡಲು ಬಂದರು. ಬಂದವರು ಬರಿಗೈಲಿ ಬರಲಿಲ್ಲ, ಕಿತ್ತಳೆ ತಂದರು. ಸೊಸೆ ಒಳಗೆ ಹೋದ ತಕ್ಷಣ ಬಗ್ಗಿ ಪಿಸುಗುಟ್ಟಿದರು. “ಅಮ್ಮಾ, ಹೊತ್ತಿಗೆ ಸರಿಯಾಗಿ ನೀರು ಕೊಡ್ತಾಳಾ?”

ಒಂದೇ ಮಾತಿನಲ್ಲಿ ಮುಗಿಸಬಹುದಾಗಿತ್ತು. ಆದರೆ ಅತ್ತೆ ಒಮ್ಮೆ ಕಣ್ಣು ಮುಚ್ಚಿ, ನಿಧಾನವಾಗಿ ತೆರೆದು, “ಕೊಡ್ತಾಳೆ” ಎಂದು, ಅದರ ಹಿಂದೆ ಒಂದು ನಿಟ್ಟುಸಿರು ಬಿಟ್ಟರು. ಬಂದವರಿಗೆ ಕೇಳಿಸಿದ್ದು ನಿಟ್ಟುಸಿರು ಮಾತ್ರ.

“ಯಾಕತ್ತೆ ಹಾಗ್ ಮಾಡ್ತೀರಿ?” ಎಂದು ಸೊಸೆ ಗದರಿದಳು.

“ನಾನೆಲ್ಲಿ ಸುಳ್ಳು ಹೇಳ್ದೆ? ಕೊಡ್ತಾಳೆ ಅಂದೆ. ಉಸಿರು ಬಿಡೋಕೂ ನಿನ್ನ ಅಪ್ಪಣೆ ಬೇಕಾ? ಒಂದು ಕಿತ್ತಳೆ ಸುಲಿ.”

ಬಂದವರಲ್ಲಿ ದಿನವೂ ತಪ್ಪದೆ ಬಂದವರು ಮೇಲಿನ ಮನೆಯ ನಿವೃತ್ತ ಸರ್ವೇಯರ್. ಕಿಸೆಯಲ್ಲಿ ಸದಾ ಅಳತೆಯ ಟೇಪು ಇರುತ್ತಿದ್ದುದರಿಂದ ಬಡಾವಣೆಗೆಲ್ಲ ಅವರು ಟೇಪು ಮಾಮ. ಅವರು ಕುಶಲ ಕೇಳುತ್ತಿರಲಿಲ್ಲ. ನೇರ ಮೇಜಿನ ಬಳಿ ಬಂದು ಮಂಚದ ಅಂಚಿನಿಂದ ಗಂಟೆಗೆ ಟೇಪು ಎಳೆದು, ನೋಡಿ, ಟೇಪನ್ನು ಟಪ್ಪನೆ ಒಳಗೆ ಬಿಟ್ಟುಕೊಂಡು ಹೋಗುತ್ತಿದ್ದರು. ಗುರುವಾರ ಅಳತೆ ಹೆಚ್ಚು ಬಂತು. ಬಂದವರಲ್ಲಿ ಯಾರೋ ಕಿತ್ತಳೆ ಚೀಲ ಇಡಲು ಗಂಟೆಯನ್ನು ಆಚೆ ತಳ್ಳಿದ್ದರು. ಟೇಪು ಮಾಮ ಅದನ್ನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಟೇಪನ್ನು ಮೇಜಿನ ಮೇಲೆಯೇ ಮರೆತು, ಮೆಟ್ಟಿಲು ಹತ್ತಿ ಹೋಗಿ, ನಾದಿನಿಗೆ ಫೋನ್ ಮಾಡಿದರು.

ನಾದಿನಿ ಶನಿವಾರ ಮಧ್ಯಾಹ್ನದ ಬಸ್ಸಿಗೆ ಬಂದಳು. ಕೈಯಲ್ಲಿ ದೊಡ್ಡ ಸೂಟ್‌ಕೇಸ್, ಒಳಗೆ ಏನೂ ಇರಲಿಲ್ಲ. ತಾಯಿಯ ಬಟ್ಟೆ ತುಂಬಿಕೊಂಡು ಹೋಗಲು ತಂದಿದ್ದಳು.

ಅವಳು ಬಾಗಿಲು ತಳ್ಳಿದಾಗ ಒಳಗೆ ನಡೆಯುತ್ತಿದ್ದದ್ದು ಇಷ್ಟು. ಗಂಟೆ ಮೇಜಿನ ಆಚೆ ಅಂಚಿನಲ್ಲಿತ್ತು. ಅತ್ತೆ ಮಂಚದಿಂದ ಅರ್ಧ ಹೊರಕ್ಕೆ ಬಾಗಿ, ಹಲ್ಲು ಕಚ್ಚಿಕೊಂಡು, ತಮ್ಮ ಊರುಗೋಲನ್ನು ಗಂಟೆಯ ಕಡೆಗೆ ಚಾಚಿದ್ದರು. ಸೊಸೆ ಒಂದು ಕೈಯಲ್ಲಿ ಅವರ ಭುಜ ಹಿಡಿದು, ಇನ್ನೊಂದರಲ್ಲಿ ಟೇಪು ಹಿಡಿದು, “ಇನ್ನೊಂಚೂರು ಅತ್ತೆ, ಇನ್ನೊಂಚೂರು. ಇಲ್ಲ, ಸಿಗ್ತಿಲ್ಲ” ಎನ್ನುತ್ತಿದ್ದಳು.

ಸೂಟ್‌ಕೇಸ್ ನೆಲಕ್ಕೆ ಬಿತ್ತು.

“ಅಮ್ಮಾ!”

“ಅಯ್ಯೋ, ಕೂಗ್ಬೇಡ್ವೇ, ಕೋಲು ಅಲ್ಲಾಡುತ್ತೆ” ಎಂದರು ಅತ್ತೆ, ತಿರುಗಿ ನೋಡದೆ.

“ಅಕ್ಕ, ನೀವು ಅಂದ್ಕೊಂಡ ಹಾಗಲ್ಲ” ಎಂದಳು ಸೊಸೆ.

“ಮತ್ತೆ ಹೇಗೆ? ಹೇಳು. ಕೈಲಿ ಟೇಪು ಬೇರೆ ಹಿಡ್ಕೊಂಡಿದೀಯಲ್ಲ!”

“ಕೋಲು ಮುಟ್ಟುತ್ತೋ ಇಲ್ವೋ ನೋಡ್ತಿದ್ವಿ. ಓದುಗರೊಬ್ಬರು ಕೇಳಿದ್ರು.”

“ಓದುಗರು ಕೇಳಿದ್ರು ಅಂತ ನನ್ನ ಅಮ್ಮನ್ನ ಮಂಚದಿಂದ ನೇತುಹಾಕಿದೀಯಾ?”

ಹೇಳಿದ ಪ್ರತಿ ವಿವರಣೆಯೂ ವಿಷಯವನ್ನು ಕೆಡಿಸುತ್ತ ಹೋಯಿತು. ಅತ್ತೆಯನ್ನು ಸರಿಯಾಗಿ ಮಲಗಿಸಿ, ದಿಂಬು ಕೊಟ್ಟು, ಗಂಟೆಯನ್ನು ಮೊದಲಿದ್ದ ಜಾಗದಲ್ಲಿ ಇಟ್ಟದ್ದಾಯಿತು. ಗಂಡ ಒಳಗಿನಿಂದ ಸ್ಪ್ಯಾನರ್ ಹಿಡಿದುಕೊಂಡು ಬಂದವನು, ಅಕ್ಕನ ಮುಖ ನೋಡಿ, ಯಾವುದೋ ಲಿಫ್ಟ್ ನಿಂತಿದೆ ಎಂದು ಹೊರಟುಹೋದ. ನಾದಿನಿ ಬೀರುವಿನಿಂದ ತಾಯಿಯ ಸೀರೆಗಳನ್ನು ತೆಗೆದು ಸೂಟ್‌ಕೇಸಿಗೆ ಹಾಕತೊಡಗಿದಳು.

“ನಾಳೆ ಬೆಳಗ್ಗೆ ಬಸ್ಸು. ವ್ಯಾನ್ ಹೇಳಿದೀನಿ, ಬಸ್ ಸ್ಟ್ಯಾಂಡಿನವರೆಗೂ ಮಲಗಿಸ್ಕೊಂಡೇ ಹೋಗ್ಬಹುದು. ಇನ್ನು ಒಂದು ದಿನವೂ ಬೇಡ ಇಲ್ಲಿ.”

ಅತ್ತೆಗೆ ಆಗ ಅರಿವಾಯಿತು. ಎರಡು ಕಿತ್ತಳೆಯ ಆಸೆಗೆ ಬಿಟ್ಟ ನಿಟ್ಟುಸಿರುಗಳೆಲ್ಲ ಒಟ್ಟುಗೂಡಿ ವ್ಯಾನಾಗಿ ಬಾಗಿಲಿಗೆ ಬರುತ್ತಿದ್ದವು. ಕಿಟಕಿಯಾಚೆ ಬೀದಿ ತನ್ನ ಪಾಡಿಗೆ ತಾನಿತ್ತು: ಇಸ್ತ್ರಿಯವನು ಬಟ್ಟೆಯ ಮೇಲೆ ನೀರು ಚಿಮುಕಿಸುತ್ತಿದ್ದ, ಎದುರು ಮನೆಯ ಹುಡುಗಿ ಅಂದು ಮೂರನೇ ಸಲ ಫೋನಿನಲ್ಲಿ ಮಾತಾಡಲೆಂದು ಹೊರಗೆ ಬಂದಿದ್ದಳು. ಅತ್ತೆ ಅದನ್ನು ನೋಡಿದರು. ಸೊಸೆಯನ್ನು ನೋಡಿದರು. ಸೊಸೆ ಟೇಪನ್ನು ಸುತ್ತುತ್ತ ನಿಂತಿದ್ದಳು, ಅದು ತಾನಾಗಿ ಸುತ್ತಿಕೊಳ್ಳುವ ಟೇಪು ಎಂಬುದು ಅವಳಿಗೆ ಮರೆತುಹೋಗಿತ್ತು.

“ನೀನು ಕಥೆ ಓದಿದೀಯೇನೇ?” ಎಂದು ಅತ್ತೆ ಮಗಳನ್ನು ಕೇಳಿದರು.

“ಅದನ್ನೇನು ಓದೋದು? ಟೇಪು ಮಾಮ ಎಲ್ಲ ಹೇಳಿದ್ರು.”

“ಅವರು ಹೇಳೋದು ಅಳತೆ. ಓದು. ಗಟ್ಟಿಯಾಗಿ ಓದು. ಓದಿ ಮುಗಿಸಿದ್ಮೇಲೂ ನಿನಗೆ ಹಾಗೇ ಅನ್ಸಿದ್ರೆ ನಾನೇ ಬರ್ತೀನಿ, ವ್ಯಾನೂ ಬೇಡ.”

“ಓದ್ತೀನಿ. ಪೊಲೀಸರಿಗೆ ಹೇಳೋಕೂ ಅನುಕೂಲ ಆಗುತ್ತೆ.”

ಸೊಸೆ ಟೀ ತಂದಳು. ನಾದಿನಿ ಮಂಚದ ಪಕ್ಕದ ಕುರ್ಚಿಯಲ್ಲಿ ಕುಳಿತು, ಕನ್ನಡಕ ಏರಿಸಿ, ದೂರು ಓದುವ ದನಿಯಲ್ಲಿ ಶುರು ಮಾಡಿದಳು. “ಮೊದಲನೇ ದಿನ ನಾನು ಬೇಕೆಂದು ಮಾಡಲಿಲ್ಲ. ಥೂ, ಮೊದಲನೇ ಸಾಲೇ ಸುಳ್ಳು ನೋಡು.”

ಮೊದಲ ಕಾಲಮ್ಮಿನ ತುಂಬ ಅವಳು ಪ್ರತಿ ವಾಕ್ಯಕ್ಕೂ ಬೈದಳು. ಎರಡನೇ ಕಾಲಮ್ಮಿನಲ್ಲಿ ಬೈಗುಳ ಕಡಿಮೆಯಾಯಿತು. ಅಣ್ಣ ಕೈ ಚಾಚಿ, ಗಂಟೆ ಬೆರಳಿಗೆ ತಾಗಿ, ಸಿಗದೆ, ಮತ್ತೆ ಚಾಚುವಲ್ಲಿ ಅವಳ ದನಿ ಇಳಿಯಿತು. “ಈ ಅಣ್ಣನಿಗೆ ಒಂಚೂರೂ ಅನುಮಾನ ಬರಲ್ವಾ?” ಎಂದು ಯಾರನ್ನೂ ನೋಡದೆ ಕೇಳಿದಳು. ಬಿಸಿ ಟೀ ಹಿಡಿದ ಎಡಗೈ ಸುಡುತ್ತಿತ್ತು. ಕಣ್ಣು ಪತ್ರಿಕೆಯ ಮೇಲೆಯೇ ಇಟ್ಟು ಲೋಟವನ್ನು ಮೇಜಿನ ಮೇಲೆ ಇಡಲು ಹೋದಳು. ಮೇಜಿನ ತುಂಬ ಕಿತ್ತಳೆ. ಅವಳು ಕೈಯ ಹಿಂಬದಿಯಿಂದ ಅಡ್ಡವಿದ್ದದ್ದನ್ನು ಆಚೆ ತಳ್ಳಿ ಲೋಟ ಇಟ್ಟಳು. ಮತ್ತೆ ಓದಿದಳು.

ಸೊಸೆ ನೋಡಿದಳು. ಅತ್ತೆಯೂ ನೋಡಿದರು.

“ಗಂಟೆಯನ್ನು ಮೊದಲಿದ್ದ ಜಾಗದಲ್ಲಿಟ್ಟೆ, ಕೈ ತೊಳೆದುಕೊಂಡೆ, ಊಟ ಮಾಡಿದೆ.” ನಾದಿನಿ ಹಾಳೆ ತಿರುವಿದಳು. ಹಿಂದೆ ಹಾಸಿಗೆಯ ಜಾಹೀರಾತಿತ್ತು. “ಆಮೇಲೆ?”

“ಆಮೇಲೆ ಏನೂ ಇಲ್ಲ ಅಕ್ಕ. ಮುಗೀತು.”

“ಮುಗೀತು ಅಂದ್ರೆ? ಪೊಲೀಸ್ ಬರಲ್ವಾ? ಅವನಿಗೇನೂ ಆಗಲ್ವಾ? ಪಾಪಿ! ಕೈ ಸೇದಿಹೋಗ! ಎಂಥಾ ಮನುಷ್ಯ ಅವನು!” ಅವಳ ಕಣ್ಣು ತುಂಬಿತ್ತು. ಆಮೇಲೆ ತಾನು ಬಂದದ್ದೇಕೆಂದು ನೆನಪಾಗಿ, ಮೂಗು ಒರೆಸಿಕೊಂಡು ಸೆಟೆದು ಕುಳಿತಳು. “ಇಂಥದ್ದು ಇವಳ ತಲೆಗೆ ಎಲ್ಲಿಂದ ಬಂತು, ಹೇಳು ಮತ್ತೆ. ಏನೂ ಇಲ್ದೆ ಬರುತ್ತಾ?”

ಅತ್ತೆ ಬಲಗೈಯನ್ನು ಹೊದಿಕೆಯಿಂದ ಹೊರತೆಗೆದು ಮೇಜಿನ ಕಡೆ ಚಾಚಿದರು. ಬೆರಳು ಟೀ ಲೋಟದವರೆಗೆ ಬಂದು ನಿಂತಿತು. ಗಂಟೆ ಅದರಾಚೆ, ಕಿತ್ತಳೆಗಳ ಹಿಂದಿತ್ತು.

“ಈಗ ನಾನು ಕರೀಬೇಕು ಅಂದ್ರೆ ಹೇಗೆ ಕರೀಲಿ?” ಎಂದರು.

ನಾದಿನಿ ಲೋಟ ನೋಡಿದಳು. ಗಂಟೆ ನೋಡಿದಳು. ತನ್ನ ಕೈ ನೋಡಿಕೊಂಡಳು.

“ಅದು ನಾನು ಟೀ ಇಡೋಕೆ... ನಾನೇನು ಬೇಕಂತ ಮಾಡಿದ್ನಾ ಅಮ್ಮಾ?”

“ಕಥೆಯವನೂ ಮೊದಲನೇ ದಿನ ಅದೇ ಹೇಳ್ತಾನೆ.”

ನಾದಿನಿ ಲೋಟವನ್ನು ಮೇಜಿನಿಂದ ಎತ್ತಿ ಕೈಯಲ್ಲಿ ಹಿಡಿದುಕೊಂಡಳು.

“ಎಲ್ರೂ ತಳ್ತಾರೆ ಕಣೇ” ಎಂದರು ಅತ್ತೆ. “ಡಾಕ್ಟ್ರು ಬ್ಯಾಗ್ ಇಡೋಕೆ ತಳ್ತಾರೆ. ನಿನ್ನ ತಮ್ಮ ಸ್ಪ್ಯಾನರ್ ಇಡೋಕೆ ತಳ್ತಾನೆ. ನನ್ನ ಮೇಲೆ ಕನಿಕರ ಪಡೋಕೆ ಬಂದೋರು ಕಿತ್ತಳೆ ಇಡೋಕೆ ತಳ್ತಾರೆ. ಇವಳೂ ಒಂದಿನ ಊಟದ ಡಬ್ಬಿ ಇಡೋಕೆ ತಳ್ಳಿ ಕೆಲಸಕ್ಕೆ ಹೋದ್ಲು. ಮೇಲಿನ ಮನೆಯವರನ್ನ ಕರೆಯೋಕಾಗ್ದೆ ನಾನು ಸಂಜೆವರೆಗೂ ನೀರಿಲ್ದೆ ಇದ್ದೆ. ಬಂದು ನೋಡಿ ಗೊಳೋ ಅಂತ ಅತ್ತಳು. ಮಾರನೇ ದಿನ ಕೂತು ಬರ್ದಳು. ತಳ್ಳಿದ್ದು ಗೊತ್ತಾಗಿ ನಾಚಿಕೊಂಡವಳು ಇವಳೊಬ್ಬಳೇ. ನಿಮಗೆ ಯಾರಿಗೂ ಗೊತ್ತೇ ಆಗಲ್ಲ.”

ಸೊಸೆ ಅಡುಗೆಮನೆಗೆ ಹೋಗಿ, ತೊಳೆದಿದ್ದ ಪಾತ್ರೆಗಳನ್ನು ಮತ್ತೊಮ್ಮೆ ತೊಳೆದಳು.

ಭಾನುವಾರ ಬೆಳಗ್ಗೆ ಸ್ಪಷ್ಟನೆ ಬಂತು, ನಿಯಮದಂತೆ ‘ನಮ್ಮ ಮನೆಯ ಮಾತು’ ತಲೆಪಟ್ಟಿಯ ಕೆಳಗೆ. ಟೇಪು ಮಾಮ ಅದನ್ನು ಓದಿ, “ಬರೆಸ್ಕೊಂಡಿದಾರೆ” ಎಂದು ಒಂದೇ ಪದದಲ್ಲಿ ತಳ್ಳಿಹಾಕಿದರು. ಆದರೆ ತಮ್ಮ ಟೇಪನ್ನು ಕೇಳಲು ಕೆಳಗೆ ಬಂದಾಗ, ಅತ್ತೆ ಹೇಳಿದಂತೆ ಬುಧವಾರ ಅವರೇ ತಂದು ಮೇಜಿನ ಮೇಲಿಟ್ಟಿದ್ದ ಕಿತ್ತಳೆ ಚೀಲವನ್ನು ನಾದಿನಿ ಅವರ ಕೈಗೆ ಕೊಟ್ಟು, “ಇದನ್ನ ಇಡೋಕೆ ಗಂಟೆ ತಳ್ಳಿದ್ದು ಯಾರು ಮಾಮ?” ಎಂದು ಕೇಳಿದಳು. ಅವರಿಗೆ ಆ ದಿನ ಟೇಪು ಸಿಗಲಿಲ್ಲ. ಕೇಳದೆಯೇ ಹೋದರು.

ನಾದಿನಿ ಸೀರೆಗಳನ್ನು ಬೀರುವಿಗೆ ಮರಳಿ ಜೋಡಿಸಿದ್ದಳು. ವ್ಯಾನಿನವನಿಗೆ ಬೇಡವೆಂದು ಫೋನ್ ಮಾಡಿದ್ದಳು. ಖಾಲಿ ಸೂಟ್‌ಕೇಸಿನಲ್ಲಿ ಹಿಡಿಯುವಷ್ಟು ಕಿತ್ತಳೆ ತುಂಬಿಕೊಂಡು, ಚಪ್ಪಲಿ ಮೆಟ್ಟಿ, ಬಾಗಿಲಲ್ಲಿ ನಿಂತು ತಮ್ಮನ ಹೆಂಡತಿಗೆ ಹೇಳಿದಳು. “ನಾನು ಒಪ್ಪಿದೀನಿ ಅಂತ ಅಲ್ಲ. ಆ ಊಟ ನನಗೆ ಹಿಡಿಸ್ಲಿಲ್ಲ. ಮುಂದಿನ ಸಲ ಒಬ್ಬ ಒಳ್ಳೆಯವನ ಬಗ್ಗೆ ಬರಿ.”

“ಆಯ್ತು ಅಕ್ಕ.”

“ಆಯ್ತು ಅಂತೀಯ, ಬರೆಯಲ್ಲ.”

ಒಳಗೆ ಅತ್ತೆಗೆ ಇವರ ಬೀಳ್ಕೊಡುಗೆಯಲ್ಲಿ ಆಸಕ್ತಿಯಿರಲಿಲ್ಲ. ಅವರು ಕೋಲನ್ನು ಮತ್ತೆ ಕೈಗೆತ್ತಿಕೊಂಡು, ಮೇಜಿನ ಆಚೆ ಅಂಚಿನಲ್ಲಿ ಮತ್ತೆ ಇಡಿಸಿಕೊಂಡಿದ್ದ ಗಂಟೆಯ ಕಡೆ ಚಾಚಿದ್ದರು. ಈ ಸಲ ಮುಟ್ಟಿತು. ಗಂಟೆ ಉರುಳಿ, ನೆಲಕ್ಕೆ ಬಿದ್ದು, ಮನೆಯೆಲ್ಲ ಕೇಳುವಂತೆ ಸದ್ದು ಮಾಡಿತು. ಮೇಲಿನ ಮನೆಯ ಕಿಟಕಿ ಧಡ್ ಎಂದು ತೆರೆಯಿತು.

“ಕೇಳಿಸ್ತಾ?” ಎಂದರು ಅತ್ತೆ, ಸೋತ ದನಿಯಲ್ಲಿ. “ಬಿದ್ರೂ ಸದ್ದಾಗುತ್ತೆ. ಆ ಓದುಗ ಹೇಳಿದ್ದೇ ಸರಿ. ಕೋಲು ಇರೋವರೆಗೂ ಕಥೆ ಗಟ್ಟಿಯಾಗಿ ನಿಲ್ಲಲ್ಲಮ್ಮ.”

ಸೊಸೆ ಗಂಟೆಯನ್ನು ಎತ್ತಿ ಅತ್ತೆಯ ಕೈಯಳತೆಯಲ್ಲಿಟ್ಟು, ಮಂಚದ ಅಂಚಿನಲ್ಲಿ ಕುಳಿತಳು. “ಪುಸ್ತಕ ಮಾಡುವಾಗ ಸರಿಮಾಡಬೇಕು. ಕೋಲನ್ನೇ ತೆಗೆದುಬಿಡ್ಲಾ?”

“ತೆಗೀಬೇಡ. ಕೋಲು ಇರ್ಲಿ. ಅವನೇ ಅದನ್ನ ದೂರ ಇಡ್ಲಿ. ಮೊದಲನೇ ದಿನವೇ ಗೋಡೆಗೆ ಒರಗಿಸಿಬಿಟ್ರೆ?”

ಇಬ್ಬರೂ ಗೋಡೆಯ ಕಡೆ ನೋಡಿದರು. ಬಾಗಿಲಲ್ಲಿ ಏನೋ ಧೊಪ್ಪನೆ ನೆಲಕ್ಕೆ ತಾಗಿತು. ನಾದಿನಿ ಸೂಟ್‌ಕೇಸ್ ಕೆಳಗಿಟ್ಟಿದ್ದಳು.

“ಮೊದಲನೇ ದಿನ ಬೇಡ” ಎಂದಳು. “ಮೊದಲನೇ ದಿನವೇ ಕೋಲು ತೆಗೆದ್ರೆ ಅಣ್ಣನಿಗೆ ಅನುಮಾನ ಬರುತ್ತೆ. ಮೂರನೇ ದಿನ ತೆಗೀಲಿ. ನೆಲ ಒರೆಸೋ ನೆಪದಲ್ಲಿ.”

ಅತ್ತೆ ತಲೆ ಎತ್ತಿ ಮಗಳನ್ನು ಹೊಸದಾಗಿ ನೋಡಿದರು. “ಆಮೇಲೆ?”

“ಆಮೇಲೆ ವಾಪಸ್ ಇಡೋಕೆ ಮರ್ತ ಹಾಗೆ ಮಾಡ್ಲಿ” ಎಂದು ಹೇಳಿ, ನಾದಿನಿ ಚಪ್ಪಲಿ ಕಳಚಿ ಒಳಗೆ ಬಂದಳು. ಬಸ್ಸು ಹೊರಡಲು ಇನ್ನು ಹೆಚ್ಚು ಹೊತ್ತಿರಲಿಲ್ಲ. ಅದನ್ನು ಯಾರೂ ಅವಳಿಗೆ ನೆನಪಿಸಲಿಲ್ಲ.